ಜೊತೆಗೆ ಇನ್ನೊಂದು ನಾಯಿ ತರಲೇ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದವು. ಮನೆಯಲ್ಲಿ ಒಂದು ನಾಯಿ ಇದೆ, ಇನ್ನೊಂದು ತರೋಣವೇ ಬೇಡವೇ ಅಂತ. ರಾಯಚೂರು, ಬಳ್ಳಾರಿ, ಗಂಗಾವತಿ, ಕುಷ್ಟಗಿಯಿಂದ ಬಂದಿವೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಅಂಥದ್ದೇ ಗೋಳು ಎಷ್ಟೋ ಮನೆಗಳಲ್ಲಿ ಇದೆ.

ಪ್ರಶ್ನೆ: ಡಾಕ್ಟ್ರೇ, ನಾವು ರಾಯಚೂರಿನವರು. ಬಾಡಿಗೆ ಮನೆ, ಸುತ್ತ ಕಾಂಪೌಂಡ್ ಇದೆ. ಮೂರು ವರ್ಷದ ಗಂಡು ಮುಧೋಳ ನಾಯಿ ಸಾಕಿದ್ದೇವೆ, ಹೆಸರು ಭೀಮ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಒಂಬತ್ತಕ್ಕೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಅಲ್ಲಿವರೆಗೂ ಊಳಿಡುತ್ತಾನಂತೆ. ಪಕ್ಕದ ಮನೆಯವರು ಬಂದು ಜಗಳ ಮಾಡಿ ಹೋದರು. ಗೇಟಿನ ಹತ್ತಿರ ನೆಲ ಕೆದರಿ ಗುಂಡಿ ಮಾಡಿದ್ದಾನೆ, ಚಪ್ಪಲಿ ಒಂದೂ ಉಳಿದಿಲ್ಲ. "ಅದಕ್ಕೆ ಬೇಜಾರು, ಜೊತೆಗೊಂದು ತಂದುಬಿಡಿ" ಅಂತ ಎಲ್ಲರೂ ಹೇಳುತ್ತಾರೆ. ಲಿಂಗಸುಗೂರಿನ ನಮ್ಮ ನೆಂಟರ ಮನೆಯಲ್ಲಿ ನಾಯಿ ಮರಿ ಹಾಕಿದೆ. ನಲವತ್ತು ದಿನದ ಹೆಣ್ಣು ಮರಿ ಕೊಡುತ್ತೇವೆ ಅಂದಿದ್ದಾರೆ. ಹೆಂಡತಿಗೆ ಇಷ್ಟವಿಲ್ಲ. ತರಲೇ?

ಉತ್ತರ: ಈಗ ತರಬೇಡಿ. ನಿಮ್ಮ ಮನೆಯವರು ಹೇಳುತ್ತಿರುವುದೇ ಸರಿ.

ಭೀಮ ಊಳಿಡುವುದು ನಾಯಿ ಇಲ್ಲ ಅಂತಲ್ಲ, ನೀವಿಲ್ಲ ಅಂತ ಇರಬೇಕು. ಮನೆಯವರು ಬಾಗಿಲು ಹಾಕಿಕೊಂಡು ಹೋದ ಕೂಡಲೇ ಹೆದರಿ ಅಳುವ ನಾಯಿಗೆ ಇನ್ನೊಂದು ನಾಯಿ ಪಕ್ಕದಲ್ಲಿದ್ದರೂ ಸಮಾಧಾನ ಆಗುವುದು ಕಡಿಮೆ. ಮರಿ ಏನು ಮಾಡುತ್ತದೆ ಗೊತ್ತಾ? ದೊಡ್ಡದು ಏನು ಮಾಡುತ್ತದೋ ಅದನ್ನೇ ಕಲಿಯುತ್ತದೆ. ಆರು ತಿಂಗಳಿಗೆ ನಿಮ್ಮ ಮನೆಯಲ್ಲಿ ಊಳಿಡುವವರು ಇಬ್ಬರಾಗುತ್ತಾರೆ, ಗುಂಡಿ ಎರಡಾಗುತ್ತವೆ, ಆಗ ಪಕ್ಕದ ಮನೆಯವರ ಜೊತೆ ಮನೆ ಮಾಲೀಕರೂ ಬರುತ್ತಾರೆ. ಹೀಗೆ ಎರಡನೆಯದು ತಂದು, ಸಾಲದ್ದಕ್ಕೆ ಎರಡನ್ನೂ ಕೊಟ್ಟುಬಿಡುವ ಪರಿಸ್ಥಿತಿಗೆ ಬಂದ ಮನೆಗಳನ್ನು ನೋಡಿದ್ದೇನೆ. ಮೂರು ವರ್ಷ ಒಂದು ಮನೆಯಲ್ಲಿ ಬೆಳೆದ ನಾಯಿಯನ್ನು ಚೈನು ಹಿಡಿದು ಬೇರೆಯವರ ಕೈಗೆ ಕೊಡುವುದು ನೋಡಲು ಬಹಳ ಕಷ್ಟ.

ಮೊದಲು ಒಂದು ಕೆಲಸ ಮಾಡಿ. ಹಳೇ ಮೊಬೈಲ್ ಒಂದಿದ್ದರೆ ರೆಕಾರ್ಡಿಂಗ್‌ಗೆ ಹಾಕಿ ಕಿಟಕಿಯ ಒಳಗಡೆ ಇಟ್ಟು ಹೋಗಿ. ಸಂಜೆ ಬಂದು ಕೇಳಿ. ನೀವು ಗಾಡಿ ಸ್ಟಾರ್ಟ್ ಮಾಡಿದ ಅರ್ಧ ಗಂಟೆಯೊಳಗೇ ಅಳು ಶುರುವಾಗಿ ಜೋರಾದರೆ ಅದು ನಿಮ್ಮನ್ನು ಬಿಟ್ಟಿರಲಾರದ ಭಯ. ಬೆಳಗ್ಗೆ ಸುಮ್ಮನಿದ್ದು, ಗೇಟಿನ ಮುಂದೆ ಯಾರಾದರೂ ಹೋದಾಗ ಮಾತ್ರ ಬೊಗಳಿ ನಿಲ್ಲಿಸಿದರೆ ಅದು ಬೇಜಾರು. ಮಧ್ಯಾಹ್ನ ಹನ್ನೆರಡರ ಮೇಲೆ ಶುರುವಾದರೆ ಬಿಸಿಲು, ನೀರು, ನೆರಳು ನೋಡಿ. ಮೂರಕ್ಕೂ ಬೇರೆ ಬೇರೆ ಮದ್ದು. ಮೂರನ್ನೂ "ಒಂಟಿತನ" ಅಂತ ಒಂದೇ ಹೆಸರಿಟ್ಟು ಕರೆದು ಮರಿ ತರುವುದು ನಮ್ಮ ಜನರ ಅಭ್ಯಾಸ ಆಗಿಬಿಟ್ಟಿದೆ.

ಇನ್ನೊಂದು ಮಾತು. ನಿಮ್ಮದು ಮುಧೋಳ. ಮೊಲದ ಹಿಂದೆ ಓಡಲೆಂದೇ ತಲೆತಲಾಂತರದಿಂದ ಬೆಳೆಸಿದ ನಾಯಿ. ಮೂಗಿಗಿಂತ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಅಂಥದ್ದನ್ನು ಕಾಂಪೌಂಡಿನ ಒಳಗೆ ಒಂಬತ್ತು ಗಂಟೆ ಬಿಟ್ಟರೆ ಅದರ ಕಾಲಿನ ಶಕ್ತಿ ಎಲ್ಲಿಗೆ ಹೋಗಬೇಕು? ನಿಮ್ಮ ಚಪ್ಪಲಿಗೇ ಹೋಗುತ್ತದೆ. ಬೆಳಗ್ಗೆ ಐದೂವರೆಗೆ ಎದ್ದು ಮುಕ್ಕಾಲು ಗಂಟೆ ಅದನ್ನು ಓಡಾಡಿಸಿ. ಸುತ್ತ ಬೇಲಿಯೋ ಗೋಡೆಯೋ ಇರುವ ಖಾಲಿ ಮೈದಾನ ಸಿಕ್ಕರೆ ಅಲ್ಲಿ ಬಿಟ್ಟು ಓಡಿಸಿ. ಮುಚ್ಚಿದ ಜಾಗ ಇಲ್ಲದಿದ್ದರೆ ಉದ್ದನೆಯ ಹಗ್ಗ ಕಟ್ಟಿಯೇ ಓಡಿಸಿ, ಯಾಕೆಂದರೆ ಇದು ಬೆಕ್ಕು ಕಂಡರೆ ನೀವು ಕರೆದರೂ ನಿಲ್ಲುವುದಿಲ್ಲ. ಏಪ್ರಿಲ್-ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತದೆ, ಆಗ ಬೆಳಗ್ಗೆ ಎಂಟಕ್ಕೇ ಡಾಂಬರು ಕಾಯುತ್ತದೆ. ನಿಮ್ಮ ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಏಳು ಸೆಕೆಂಡ್ ತಡೆದುಕೊಳ್ಳಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಸಂಜೆ ಏಳರ ಮೇಲೆ ಇನ್ನೊಂದು ಸುತ್ತು. ಓಡಿ ಬಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಊಟ. ಹೊಟ್ಟೆ ತುಂಬಿ, ಕಾಲು ಸೋತ ನಾಯಿ ಮಲಗುತ್ತದೆ, ಅಷ್ಟೇ.

ಹೋಗುವಾಗ "ಬಂಗಾರಾ, ಬರ್ತೀನಿ, ಅಳಬೇಡ" ಅಂತ ಹತ್ತು ನಿಮಿಷ ಮುದ್ದು ಮಾಡಬೇಡಿ. ಸುಮ್ನೆ ಎದ್ದು ಹೋಗಿ. ಭಾನುವಾರಗಳಲ್ಲಿ ಗಾಡಿ ಕೀ ತೆಗೆದುಕೊಂಡು ಹೊರಗೆ ಹೋಗಿ ಎರಡು ನಿಮಿಷಕ್ಕೆ ವಾಪಸ್ ಬನ್ನಿ, ಆಮೇಲೆ ಐದು ನಿಮಿಷ, ಆಮೇಲೆ ಕಾಲು ಗಂಟೆ. ಹೋದವರು ಬಂದೇ ಬರುತ್ತಾರೆ ಅನ್ನುವುದು ಅದಕ್ಕೆ ಮನದಟ್ಟಾಗಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಮಧ್ಯಾಹ್ನ ಒಂದು ಸಲ ಯಾರಾದರೂ ಬಂದು ನೀರು ಬದಲಾಯಿಸಿ, ಹತ್ತು ನಿಮಿಷ ಮಾತಾಡಿಸಿ ಹೋಗುವಂತೆ ಮಾಡಿದರೆ ಇನ್ನೂ ಒಳ್ಳೆಯದು. ನಿಮ್ಮ ಬೀದಿಯಲ್ಲಿ ಹೈಸ್ಕೂಲ್ ಹುಡುಗರಿಲ್ಲವೇ? ಇಷ್ಟೆಲ್ಲಾ ಮಾಡಿಯೂ ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಭಯಕ್ಕೆ ಔಷಧಿಯೂ ಇದೆ.

ಬಿಸಿಲಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ, ಎರಡು ನಾಯಿ ಸಾಕುವವರೆಲ್ಲ ಓದಲಿ. ನಮ್ಮ ಕಡೆ ಕಾಂಪೌಂಡಿನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಗೋಡೆಯ ಬುಡದಲ್ಲಿ ಒಂದು ಗೇಣಗಲ ನೆರಳು ಉಳಿಯುತ್ತದೆ. ಒಂದು ನಾಯಿಯಾದರೆ ಅದಕ್ಕೆ ಬೆನ್ನು ಅಂಟಿಸಿ ಮಲಗುತ್ತದೆ. ಎರಡಿದ್ದ ಮನೆಗಳಲ್ಲಿ ಗಮನಿಸಿ ನೋಡಿ: ಜೋರಿರುವುದು ಆ ನೆರಳಲ್ಲಿ ಚಾಚಿಕೊಂಡಿರುತ್ತದೆ, ಮೆತ್ತಗಿರುವುದು ನಾಲಿಗೆ ಚಾಚಿ ಗೇಟಿನ ಹತ್ತಿರ ಬಿಸಿಲಲ್ಲಿ ನಿಂತಿರುತ್ತದೆ. ಹತ್ತಿರ ಬಂದರೆ ಮೊದಲನೆಯದು ಬರೀ ಕಣ್ಣು ಬಿಟ್ಟು ನೋಡುತ್ತದೆ, ಗುರ್ರೆನ್ನುವುದೂ ಇಲ್ಲ, ಎರಡನೆಯದು ಅಷ್ಟಕ್ಕೇ ಹಿಂದೆ ಸರಿಯುತ್ತದೆ. ಮನೆಯವರು ಕೆಲಸದಲ್ಲಿರುತ್ತಾರೆ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಮೈ ತಣ್ಣಗಾಗಬೇಕು. ಅದರ ಮೈ ಶಾಖ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 106 ಮುಟ್ಟಿದರೆ ಜೀವಕ್ಕೆ ಅಪಾಯ. ತಗಡಿನ ಗೂಡು ಈ ಹೊತ್ತಲ್ಲಿ ಒಲೆ. ಹಾಗಾಗಿ ಎರಡು ನಾಯಿ ಇರುವ ಮನೆಯಲ್ಲಿ ನೆರಳು ಎರಡು ಕಡೆ ಬೇಕು, ನೀರಿನ ಮಣ್ಣಿನ ಪಾತ್ರೆಯೂ ಎರಡು ಕಡೆ ಬೇಕು, ಒಂದರಿಂದ ಇನ್ನೊಂದು ಕಾಣಬಾರದು. ಒದ್ದೆ ಗೋಣಿಚೀಲ ಎರಡು ಹಾಸಿಡಿ. ನಾಯಿ ಜೊಲ್ಲು ಸುರಿಸುತ್ತಾ ತೂರಾಡಿದರೆ ಹೊಟ್ಟೆಗೆ, ತೊಡೆ ಸಂದಿಗೆ, ಪಾದಕ್ಕೆ ನೀರು ಹಾಕಿ ಫ್ಯಾನಿನ ಕೆಳಗೆ ಮಲಗಿಸಿ, ಐಸ್ ಹಾಕಬೇಡಿ, ತಡಮಾಡದೆ ಆಸ್ಪತ್ರೆಗೆ ಓಡಿ.

ಆ ಲಿಂಗಸುಗೂರಿನ ಮರಿಯ ಬಗ್ಗೆ. ನಲವತ್ತು ದಿನಕ್ಕೆ ಮರಿಯನ್ನು ತಾಯಿಯಿಂದ ಬಿಡಿಸುವುದೇ ತಪ್ಪು. ಕಡಿಮೆ ಅಂದರೂ ಎಂಟು ವಾರ ತಾಯಿಯ ಹತ್ತಿರ ಇರಬೇಕು. ಎಷ್ಟು ಕಚ್ಚಿದರೆ ನೋಯುತ್ತದೆ ಅನ್ನುವುದನ್ನು ಅದು ಅಣ್ಣತಮ್ಮಂದಿರ ಜೊತೆ ಆಡುತ್ತಲೇ ಕಲಿಯಬೇಕು. ನೆಂಟರಿಗೆ ಇದನ್ನು ಹೇಳಿ, ಮರಿ ಯಾರ ಮನೆಗೆ ಹೋದರೂ ಸರಿ. ಅದು ಹೆಣ್ಣು ಬೇರೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಬೆದೆಗೆ ಬರುತ್ತದೆ. ಭೀಮನಿಗೆ ಸಂತಾನಹರಣ ಆಪರೇಷನ್ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಬೆದೆಯ ಆ ಮೂರು ವಾರ ಮನೆಯಲ್ಲಿ ನಿದ್ದೆ ಇರುವುದಿಲ್ಲ, ಕಣ್ಣು ತಪ್ಪಿದರೆ ಸುಮಾರು 63 ದಿನಕ್ಕೆ ಮರಿಗಳು. ಆಮೇಲೆ ಆ ಮರಿಗಳಿಗೆ ಮನೆ ಹುಡುಕಿಕೊಂಡು ನೀವೇ ನೆಂಟರಿಗೆಲ್ಲ ಫೋನ್ ಮಾಡುತ್ತಾ ಕೂರಬೇಕಾಗುತ್ತದೆ.

ಖರ್ಚಿನ ವಿಷಯ ನಾನು ಹೇಳುವುದಿಲ್ಲ, ನೀವೇ ಬರೆಯಿರಿ. ಹೋದ ವರ್ಷ ಭೀಮನ ಊಟ, ಲಸಿಕೆ, ಉಣ್ಣೆ ಔಷಧಿ, ಆಸ್ಪತ್ರೆ, ಊರಿಗೆ ಹೋದಾಗ ನೋಡಿಕೊಂಡವರಿಗೆ ಕೊಟ್ಟದ್ದು, ಎಲ್ಲ ಒಂದು ಹಾಳೆಯಲ್ಲಿ ಬರೆದು ಎರಡರಿಂದ ಗುಣಿಸಿ. ಆ ಹಾಳೆಯನ್ನು ಇಬ್ಬರೂ ಕೂತು ನೋಡಿ. ಹತ್ತು ಹನ್ನೆರಡು ವರ್ಷ ನಡೆಸಬೇಕಾದ ಸಂಸಾರ ಇದು, ಒಬ್ಬರಿಗೆ ಇಷ್ಟವಿಲ್ಲದೆ ಬಂದ ನಾಯಿಗೆ ಆ ಮನೆಯಲ್ಲಿ ಸುಖ ಸಿಗುವುದಿಲ್ಲ.

ಭೀಮ ಸುಧಾರಿಸಿದ ಮೇಲೂ ಇನ್ನೊಂದರ ಆಸೆ ಉಳಿದರೆ ಆಗ ತನ್ನಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚೆ ಗೆಳೆಯರ ನಾಯಿಯೊಂದನ್ನು, ಲಸಿಕೆ ಆಗಿರುವುದನ್ನು, ಅವರು ಊರಿಗೆ ಹೋದಾಗ ನಾಲ್ಕು ದಿನ ಇಟ್ಟುಕೊಂಡು ನೋಡಿ. ಭೀಮ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ಆಟಕ್ಕೆ ಕರೆಯುತ್ತಾನೋ, ಇಲ್ಲ ಮೈ ಬಿಗಿ ಮಾಡಿ, ಬೆನ್ನ ಮೇಲಿನ ಕೂದಲು ನಿಲ್ಲಿಸಿ ದಿಟ್ಟಿಸಿ ನೋಡುತ್ತಾನೋ, ಅಲ್ಲೇ ಅರ್ಧ ಉತ್ತರ ಸಿಗುತ್ತದೆ. ಮುಧೋಳವೇ ಬೇಕೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಕೈಗೆ ಸಿಕ್ಕಿದ ಸಣಕಲು ಮರಿಯನ್ನೆಲ್ಲ ಮುಧೋಳ ಅಂತ ಮಾರುವವರು ಈಗ ಬಹಳ ಜನ ಇದ್ದಾರೆ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಒಬ್ಬಳೇ ಇದ್ದೇನೆ. ವಯಸ್ಸು ಅರವತ್ತೇಳು, ಮೊಣಕಾಲು ನೋವು. ನಮ್ಮ ರಾಣಿಗೆ, ಪಾಮೇರಿಯನ್, ಹನ್ನೊಂದು ವರ್ಷ. ಈಗೀಗ ಮೆಟ್ಟಿಲು ಹತ್ತಲ್ಲ, ಕಣ್ಣೂ ಮಂಜು. ಬೆಂಗಳೂರಿನಲ್ಲಿರುವ ಮಗ ಯುಗಾದಿಗೆ ಬರುವಾಗ ಲ್ಯಾಬ್ರಡಾರ್ ಮರಿ ತರುತ್ತೇನೆ ಅನ್ನುತ್ತಾನೆ. ರಾಣಿ ಹೋದ ಮೇಲೆ ಅಮ್ಮ ಒಬ್ಬಳೇ ಆಗುತ್ತಾಳೆ, ಮೊದಲೇ ಇನ್ನೊಂದು ಇರಲಿ ಅಂತ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಅಮ್ಮಾ, ಮಗನಿಗೆ ಇದನ್ನು ಓದಿ ಹೇಳಿ. ಅವನ ಪ್ರೀತಿ ದೊಡ್ಡದು, ಆದರೆ ಲ್ಯಾಬ್ರಡಾರ್ ಮರಿ ನಿಮ್ಮ ಮನೆಗೆ ಬೇಡ. ಒಂದು ವರ್ಷಕ್ಕೆ ಅದು 25-30 ಕಿಲೋ ತೂಗುತ್ತದೆ. ಚೈನು ಹಿಡಿದು ನೀವು ಹೊರಟರೆ ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ, ಆ ಮೊಣಕಾಲಿನಲ್ಲಿ ನೀವು ಬಿದ್ದರೆ ಎತ್ತುವವರು ಯಾರು? ಮರಿ ಅಂದರೆ ರಾತ್ರಿ ಎರಡು ಸಲ ಏಳಬೇಕು, ನೆಲ ಒರೆಸಬೇಕು, ಬಗ್ಗಿ ಎತ್ತಬೇಕು. ಬೆಂಗಳೂರಿನಲ್ಲಿ ಕೂತು ಇದನ್ನು ಮಾಡಲು ಆಗುವುದಿಲ್ಲ.

ರಾಣಿಯ ಕಡೆಯಿಂದಲೂ ನೋಡಿ. ಕೀಲು ನೋಯುವ, ಕಣ್ಣು ಕಾಣದ ಮುದುಕಿಯ ಮೇಲೆ ಮರಿ ದಿನವಿಡೀ ಹಾರುತ್ತದೆ, ಕಿವಿ ಹಿಡಿದು ಜಗ್ಗುತ್ತದೆ. ಕೆಲವು ಹಳೇ ನಾಯಿಗಳು ಮರಿ ಬಂದ ಮೇಲೆ ಚುರುಕಾಗುವುದುಂಟು, ಆದರೆ ಅವು ಇನ್ನೂ ಗಟ್ಟಿಯಾಗಿರುವ ನಾಯಿಗಳು. ಮೆಟ್ಟಿಲು ಹತ್ತದ ನಾಯಿಗೆ ಬೇಕಿರುವುದು ನೋವಿಗೆ ಔಷಧಿ. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ, ಹಲ್ಲು ತೋರಿಸಿ. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಬೇಡಿ, ನಾಯಿಗೆ ಅದು ವಿಷ ಆಗಬಹುದು. ಬೇಸಿಗೆಗೆ ಮೈಯೆಲ್ಲ ಬೋಳಿಸಬೇಡಿ, ಚೆನ್ನಾಗಿ ಬಾಚಿ ಉದುರುವ ಕೂದಲು ತೆಗೆದರೆ ಸಾಕು.

ರಾಣಿ ಹೋದ ದಿನ ದುಃಖ ಆಗೇ ಆಗುತ್ತದಮ್ಮಾ. ಮನೆಯಲ್ಲಿ ನಾಲ್ಕು ನಾಯಿ ಇದ್ದರೂ ಆಗುತ್ತದೆ. ಹನ್ನೊಂದು ವರ್ಷ ನಿಮ್ಮ ಕಾಲ ಬುಡದಲ್ಲಿ ಮಲಗಿದ್ದಕ್ಕೆ ಅಷ್ಟು ಅತ್ತರೆ ತಪ್ಪೇನಿಲ್ಲ. ಆಮೇಲೆ ಮನಸ್ಸು ಬಂದಾಗ, ಐದಾರು ವರ್ಷದ, ಸ್ವಭಾವ ಗೊತ್ತಿರುವ ಚಿಕ್ಕ ನಾಯಿಯೊಂದನ್ನು ತನ್ನಿ. ಮಾಲೀಕರು ಊರು ಬಿಟ್ಟು ಹೋಗುವಾಗ ಮನೆ ಇಲ್ಲದಂತಾಗುವ ಅಂಥ ನಾಯಿಗಳು ಇದ್ದೇ ಇರುತ್ತವೆ, ಮರಿಯನ್ನಾದರೆ ಯಾರಾದರೂ ಒಯ್ಯುತ್ತಾರೆ, ಇವನ್ನು ಕೇಳುವವರೇ ಇಲ್ಲ.

ಪ್ರಶ್ನೆ: ಸರ್, ಗಂಗಾವತಿ ತಾಲೂಕಿನ ಒಂದು ಕ್ಯಾಂಪಿನಲ್ಲಿ, ಅಂದರೆ ಗದ್ದೆಗಳ ನಡುವಿನ ಸಣ್ಣ ಊರಿನಲ್ಲಿ, ನಮ್ಮ ಗದ್ದೆ, ಮನೆ ಎರಡೂ ಇವೆ. ಐದು ವರ್ಷದ ನಾಟಿ ಹೆಣ್ಣು ನಾಯಿ ಕೆಂಪಿ ಇದೆ. ಇಲಿ, ಹಂದಿ ಕಾಟ ಜಾಸ್ತಿ, ರಾತ್ರಿ ಅದೊಂದೇ ಸಾಲದು. ಒಂದೇ ಸೂಲಿನ ಎರಡು ಗಂಡು ಮರಿ ಪುಕ್ಕಟೆ ಸಿಗುತ್ತವೆ. ಎರಡನ್ನೂ ತಂದರೆ ಒಂದಕ್ಕೊಂದು ಜೊತೆ ಆಗುತ್ತವೆ ಅಲ್ವಾ?

ಉತ್ತರ: ಅಣ್ಣಾ, ನಿಮ್ಮ ಮನೆಗೆ ಎರಡನೇ ನಾಯಿ ಖಂಡಿತ ಸರಿ. ದಿನವಿಡೀ ಜನ ಇರುತ್ತೀರಿ, ಜಾಗ ಇದೆ, ನಾಯಿಗೆ ಕೆಲಸವೂ ಇದೆ. ಆದರೆ ಒಂದೇ ಮರಿ ತನ್ನಿ. ಒಂದೇ ಸೂಲಿನ ಎರಡು ಒಟ್ಟಿಗೆ ಬೆಳೆದರೆ ಎಷ್ಟೋ ಸಲ ಅವೆರಡಕ್ಕೆ ಅವೇ ಲೋಕ, ನಿಮ್ಮ ಮಾತು ಕಿವಿಗೆ ಹೋಗುವುದಿಲ್ಲ. ಬೇರೆ ಮಾಡಿದರೆ ಅಳುತ್ತವೆ. ಬೆಳೆದ ಮೇಲೆ, ಒಂದೂವರೆ ಎರಡು ವರ್ಷಕ್ಕೆ, ಎರಡೂ ಗಂಡು ನಾನು ಮೇಲೆ ತಾನು ಮೇಲೆ ಅಂತ ಕಚ್ಚಾಟಕ್ಕೆ ಬೀಳುವುದೂ ಉಂಟು. ಒಂದೇ ತಂದರೆ ಅದನ್ನು ಕೆಂಪಿಯೇ ತಿದ್ದುತ್ತಾಳೆ. ಎಲ್ಲಿ ಬೊಗಳಬೇಕು, ಯಾವ ಕೋಳಿಯನ್ನು ಮುಟ್ಟಬಾರದು ಅನ್ನುವುದನ್ನು ಅವಳಷ್ಟು ಚೆನ್ನಾಗಿ ನೀವೂ ಕಲಿಸಲಾರಿರಿ. ಹೆಣ್ಣಿಗೆ ಗಂಡು ಜೊತೆ ಹೊಂದಿಕೆ ಸುಲಭ. ಎರಡು ಹೆಣ್ಣು ಕಾದಾಡಿದರೆ ಬಿಡಿಸುವುದು ಬಹಳ ಕಷ್ಟ.

ಮರಿಯನ್ನು ಸೀದಾ ಮನೆಯೊಳಗೆ ಎತ್ತಿಕೊಂಡು ಹೋಗಿ ಕೆಂಪಿಯ ಮುಂದೆ ಇಡಬೇಡಿ. ಅದು ಅವಳ ಅಂಗಳ. ಬೀದಿನಾಯಿ ಸುಳಿಯದ ಹೊರಗಿನ ಜಾಗದಲ್ಲಿ, ಒಬ್ಬರು ಮರಿ ಎತ್ತಿಕೊಂಡು, ಒಬ್ಬರು ಕೆಂಪಿಯನ್ನು ಹಿಡಿದುಕೊಂಡು, ಹತ್ತು ಮಾರು ದೂರದಲ್ಲಿ ಒಂದೇ ದಿಕ್ಕಿಗೆ ನಡೆಯಿರಿ. ನಿಧಾನಕ್ಕೆ ಹತ್ತಿರ ಬನ್ನಿ, ಮೂಸಲು ಬಿಡಿ, ಮತ್ತೆ ನಡೆಯಿರಿ. ಎಲ್ಲರೂ ಒಟ್ಟಿಗೆ ಮನೆಗೆ ಬಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಊಟ ಮಾತ್ರ ಬೇರೆ ಬೇರೆ ಕಡೆ, ಬೇರೆ ಬೇರೆ ಬೋಗುಣಿಯಲ್ಲಿ, ಮೊದಲು ಕೆಂಪಿಗೆ. ನಮ್ಮ ಕಡೆ ನಾಯಿಗಳು ಕಚ್ಚಾಡುವುದು ಜಾಸ್ತಿ ಇದಕ್ಕೇ, ಜೋಳದ ರೊಟ್ಟಿ ಚೂರುಗಳನ್ನು ಒಂದೇ ಕಡೆ ಎಸೆದು ಒಳಗೆ ಹೋಗಿಬಿಡುತ್ತೇವೆ. ಕಚ್ಚಾಟ ಹತ್ತಿತು ಅಂದರೆ ಕೈ ಹಾಕಬೇಡಿ, ಒಂದು ಬಕೆಟ್ ನೀರು ಸುರಿಯಿರಿ.

ಕೆಂಪಿಗೆ ಸಂತಾನಹರಣ ಆಪರೇಷನ್ ಆಗಿಲ್ಲದಿದ್ದರೆ ಮರಿ ಬೆಳೆಯುವಷ್ಟರಲ್ಲಿ ಮಾಡಿಸಿ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಗದ್ದೆ ಕಡೆ ಇಲಿ ಮೂತ್ರ ಬಿದ್ದ ನೀರಿನಿಂದ ಲೆಪ್ಟೋಸ್ಪೈರೋಸಿಸ್ ಅನ್ನುವ ಇಲಿ ಜ್ವರ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಹಾಕಿಸುವ ಲಸಿಕೆಯಲ್ಲಿ ಅದೂ ಸೇರಿದೆಯೇ ಅಂತ ಕೇಳಿ. ನಿಮ್ಮ ಮನೆಯಲ್ಲಿ ಹೋದ ವರ್ಷ ಯಾವುದಾದರೂ ಮರಿ ರಕ್ತಭೇದಿಯಾಗಿ ಸತ್ತಿದ್ದರೆ ಪೂರ್ತಿ ಲಸಿಕೆ ಆಗದ ಮರಿ ತರಲೇಬೇಡಿ, ಆ ಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇನ್ನು ಇಲಿ ಪಾಷಾಣ. ಗದ್ದೆಗೆ ಇಡುವ ಜಿಂಕ್ ಫಾಸ್ಫೈಡ್‌ಗೆ ಬೇರೆ ಪ್ರತಿಮದ್ದಿಲ್ಲ. ಕೆಂಪಿ ಹಳೇ ಹುಲಿ, ಮುಟ್ಟುವುದಿಲ್ಲ ಅನ್ನಬಹುದು, ಆದರೆ ಮರಿ ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಪಾಷಾಣ ಇಡುವ ದಿನಗಳಲ್ಲಿ ಎರಡನ್ನೂ ಕಟ್ಟಿಹಾಕಿ, ಸತ್ತ ಇಲಿಗಳನ್ನು ಆರಿಸಿ ಹೂತುಬಿಡಿ.

ಪ್ರಶ್ನೆ: ಕುಷ್ಟಗಿಯಲ್ಲಿ ಶಿಕ್ಷಕಿ ನಾನು. ನಮ್ಮ ಮನೆಯ ಗಂಡು ನಾಯಿ ಟಾಮಿಗೆ ಗೇಟಿನ ಹೊರಗಿನ ಒಂದು ಬೀದಿನಾಯಿ ಜೊತೆ ಗೆಳೆತನ. ದಿನಾ ಸಂಜೆ ಬರುತ್ತದೆ, ಎರಡೂ ಗೇಟಿನ ಸಂದಿಯಲ್ಲೇ ಆಡುತ್ತವೆ. ಹೆಣ್ಣು, ಎರಡು ವರ್ಷ ಇರಬಹುದು, ಸಾಧು. ಒಳಗೆ ಕರೆದುಕೊಳ್ಳಲೇ? ಅಣ್ಣ, ಬೀದಿನಾಯಿ ಅಂತ ಮನೆಯಲ್ಲಿ ಹೆದರುತ್ತಾರೆ.

ಉತ್ತರ: ಕರೆದುಕೊಳ್ಳಿ ತಂಗಿ. ನಿಮ್ಮ ಟಾಮಿ ತಾನೇ ಆರಿಸಿಕೊಂಡಿದ್ದಾನೆ, ಇದಕ್ಕಿಂತ ಒಳ್ಳೆ ಗುರುತು ಬೇಡ. ನಮ್ಮ ಬಿಸಿಲಿಗೆ ನಾಟಿ ನಾಯಿಯಷ್ಟು ಒಗ್ಗುವ ನಾಯಿಯೂ ಇನ್ನೊಂದಿಲ್ಲ.

ಮೊದಲು ಕಿವಿ ನೋಡಿ. ಒಂದು ಕಿವಿಯ ತುದಿಯಲ್ಲಿ ಚಿಕ್ಕದಾಗಿ ಕತ್ತರಿಸಿದ ಗುರುತಿದ್ದರೆ ಅದಕ್ಕೆ ಈಗಾಗಲೇ ಸಂತಾನಹರಣ ಆಗಿದೆ ಅಂತ ಅರ್ಥ. ಇಲ್ಲದಿದ್ದರೆ ಒಳಗೆ ಬಿಡುವ ಮುಂಚೆ ಆಸ್ಪತ್ರೆಯಲ್ಲಿ ತೋರಿಸಿ, ಗರ್ಭ ಇದೆಯೇ ಅಂತಲೂ ನೋಡಿಸಿ. ರೇಬೀಸ್ ಲಸಿಕೆ, ಜಂತಿನ ಔಷಧಿ, ಉಣ್ಣೆಯ ಔಷಧಿ ಆ ದಿನವೇ ಆಗಲಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕತ್ತಿನ ಕೆಳಗೆ ಉಣ್ಣೆ ಕೂತಿರುತ್ತವೆ. ಅದರಿಂದ ಟಾಮಿಗೂ ಉಣ್ಣೆ ಜ್ವರ ಬಂದೀತು, ಊಟ ಬಿಟ್ಟು ಒಸಡು ಬಿಳಿಚಿಕೊಂಡರೆ ತಡಮಾಡಬೇಡಿ. ಹತ್ತು ಹದಿನೈದು ದಿನ ಹಿತ್ತಲಲ್ಲಿ ಬೇರೆ ಇಟ್ಟು, ಗೇಟಿನ ಸಂದಿಯ ಗೆಳೆತನ ಹಾಗೇ ನಡೆಯಲಿ, ಆಮೇಲೆ ಒಟ್ಟಿಗೆ ಬಿಡಿ. ಟಾಮಿಯ ರೇಬೀಸ್ ಲಸಿಕೆಯ ತಾರೀಖು ಕಾರ್ಡಿನಲ್ಲಿ ನೋಡಿಕೊಳ್ಳಿ, ವರ್ಷ ದಾಟಿದ್ದರೆ ಎರಡಕ್ಕೂ ಒಂದೇ ದಿನ ಹಾಕಿಸಿ. ಹಿಡಿಯುವಾಗ ಅದರ ಹಲ್ಲು ಯಾರಿಗಾದರೂ ತಾಗಿದರೆ, ಗೀರು ಮಾತ್ರ ಆದರೂ, ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿಸಿ. ಮನೆಯವರ ಹೆದರಿಕೆಗೂ ಅದೇ ಉತ್ತರ.